ಕೇದಾರಯಾತ್ರೆಯೂ ಕೈಯೊಳಗಿನ ಟಾರ್ಚೂ

ಯಾತ್ರೆಗೆ ಹೊರಡುವ ಮನೆಯಲ್ಲಿ ಹಿಂದೆ ಮೂರು ವಸ್ತುಗಳು ಎಲ್ಲಕ್ಕಿಂತ ಮೊದಲು ಸಿದ್ಧವಾಗುತ್ತಿದ್ದವು: ಬುತ್ತಿಯ ಗಂಟು, ಕಂಬಳಿ ಮತ್ತು ಕಂದೀಲು. ಬುತ್ತಿ ಹಸಿವಿಗೆ, ಕಂಬಳಿ ಚಳಿಗೆ, ಕಂದೀಲು ಕತ್ತಲೆಗೆ. ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೊರಟ ಭಕ್ತರ ಸಾಲಿನಲ್ಲಿ ಮುಂದೊಂದು, ಹಿಂದೊಂದು ಕಂದೀಲು ಇದ್ದರೆ ನಡುವಿನವರೆಲ್ಲರೂ ನಿಶ್ಚಿಂತೆಯಿಂದ ನಡೆಯುತ್ತಿದ್ದರು. ಅನಂತರ ಟಾರ್ಚು ಬಂದಿತು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದಕ್ಕೆ ‘ಬ್ಯಾಟರಿ’ ಎಂದೇ ಹೆಸರು. ಅದರೊಳಗೆ ಹಾಕುವುದು ‘ಸೆಲ್ಲು’. ಹೊಲಕ್ಕೆ ರಾತ್ರಿ ನೀರು ಕಟ್ಟಲು ಹೋಗುವ ರೈತನ ಹೆಗಲ ಮೇಲಿನ ಸಲಿಕೆಗೆ ಎಷ್ಟು ಮರ್ಯಾದೆಯೋ ಕೈಯೊಳಗಿನ ಬ್ಯಾಟರಿಗೂ ಅಷ್ಟೇ ಮರ್ಯಾದೆ.

ಇಂದು ಯಾತ್ರೆಯ ರೀತಿ ಬದಲಾಗಿದೆ. ಬೆಳಿಗ್ಗೆ ಬೆಂಗಳೂರಿನಲ್ಲಿ ಪೂಜೆ ಮುಗಿಸಿದವರು ಸಂಜೆಯ ಹೊತ್ತಿಗೆ ಋಷಿಕೇಶದ ಗಂಗೆಯ ದಡದಲ್ಲಿ ನಿಲ್ಲಬಲ್ಲರು. ಮಾರ್ಗವು ಆಕಾಶಕ್ಕೆ ಏರಿದರೂ ಯಾತ್ರೆಯ ಕೊನೆಯ ಹೆಜ್ಜೆಗಳು ನೆಲದ ಮೇಲೆಯೇ ಇವೆ, ಅಲ್ಲಿ ಕತ್ತಲೆಯೂ ಇದೆ. ಆದುದರಿಂದ ಟಾರ್ಚು ಇಂದಿಗೂ ಬೇಕು. ಆದರೆ ವಿಮಾನದಲ್ಲಿ ಅದನ್ನು ಒಯ್ಯುವ ಕ್ರಮವೇನು? ಸೆಲ್ಲುಗಳನ್ನು ಯಾವ ಚೀಲದಲ್ಲಿ ಇಡಬೇಕು? ಯಾವುದನ್ನು ಇಡಲೇಬಾರದು? ಇದನ್ನು ಅರಿಯದೆ ಅನೇಕ ಸದ್ಭಕ್ತರು ವಿಮಾನ ನಿಲ್ದಾಣದಲ್ಲಿ ತೊಂದರೆಗೆ ಒಳಗಾಗುವುದನ್ನು ನಾವು ಕಂಡಿದ್ದೇವೆ. ಕೇದಾರದ ದಾರಿಯಲ್ಲಿ ನಾವು ಕಂಡುದನ್ನೂ ಈ ವಿಷಯದಲ್ಲಿ ತಿಳಿದುಕೊಂಡುದನ್ನೂ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಬೆಂಗಳೂರಿನಿಂದ ದೇಹರಾದೂನಿಗೆ

2024ರ ಅಕ್ಟೋಬರ್ ತಿಂಗಳಲ್ಲಿ, ದಸರೆ ಕಳೆದ ಎರಡನೆಯ ವಾರದಲ್ಲಿ, ನಾವು ಇಪ್ಪತ್ತೆರಡು ಮಂದಿ ಕೇದಾರಕ್ಕೆ ಹೊರಟೆವು. ತಂಡದಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಎಪ್ಪತ್ತು ದಾಟಿದ ತಾಯಂದಿರೂ ಇಬ್ಬರಿದ್ದರು. ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ದೇಹರಾದೂನಿನ ಜಾಲಿ ಗ್ರಾಂಟ್ ನಿಲ್ದಾಣ, ಹೀಗೆ ಎರಡು ವಿಮಾನಗಳ ಪ್ರಯಾಣ.

ತಂಡದಲ್ಲಿದ್ದ ಧಾರವಾಡ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬಹಳ ಮುಂದಾಲೋಚನೆಯುಳ್ಳವರು. ಎರಡು ಟಾರ್ಚು, ಅವಕ್ಕೆ ಬೇಕಾದ ಮರುಪೂರಣದ ಬಿಡಿ ಸೆಲ್ಲುಗಳು ನಾಲ್ಕು ಮತ್ತು ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕು ಒಂದು, ಇಷ್ಟನ್ನೂ ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ ದೊಡ್ಡ ಪೆಟ್ಟಿಗೆಯ ತಳದಲ್ಲಿ ಭದ್ರವಾಗಿ ಇಟ್ಟಿದ್ದರು. ಪೆಟ್ಟಿಗೆಯು ವಿಮಾನದ ಕೆಳಗಣ ಸಾಮಾನು ಕೋಣೆಗೆ ಹೋಗತಕ್ಕದ್ದು. ಅದನ್ನು ಒಪ್ಪಿಸಿ ನಾವೆಲ್ಲರೂ ಕುಳಿತುಕೊಂಡ ಸ್ವಲ್ಪ ಹೊತ್ತಿಗೆ ಅವರ ಹೆಸರು ಹಿಡಿದು ಕರೆ ಬಂದಿತು. ನಾವೂ ಜೊತೆಗೆ ಹೋದೆವು. ಎಕ್ಸ್-ರೇ ಯಂತ್ರದಲ್ಲಿ ಸೆಲ್ಲುಗಳು ಕಂಡಿದ್ದವು.

ಮಾಸ್ತರರಿಗೆ ಬೇಸರವಾಯಿತು. “ಶಾಸ್ತ್ರಿಗಳೇ, ಇದೇನು ವಿಚಿತ್ರರೀ? ಚಾಕು ಕತ್ತರಿ ಇದ್ದರೆ ಕೆಳಗಿನ ಪೆಟ್ಟಿಗೆಯಲ್ಲಿ ಇಡ್ರಿ ಅಂತಾರೆ. ಸೆಲ್ಲು ಇದ್ದರೆ ಕೈಯಾಗ ಹಿಡ್ಕೊಳ್ರಿ ಅಂತಾರೆ. ಅಪಾಯದ ವಸ್ತು ನಮ್ಮಿಂದ ದೂರ ಇರಬೇಕೋ, ಹತ್ತಿರ ಇರಬೇಕೋ?” ಎಂದು ಕೇಳಿದರು.

ಪ್ರಶ್ನೆ ಯೋಗ್ಯವಾದುದೇ ಆಗಿತ್ತು. ಅಲ್ಲಿದ್ದ ತರುಣ ಸಿಬ್ಬಂದಿಯು ಸಮಾಧಾನದಿಂದ ಉತ್ತರಿಸಿದನು: “ಹತ್ತಿರವೇ ಇರಬೇಕು ಸರ್. ಹೊಗೆ ಬಂದರೆ ಮೇಲೆ ನೋಡುವವರಿರುತ್ತಾರೆ, ಕೆಳಗೆ ಯಾರೂ ಇರುವುದಿಲ್ಲ.” ಈ ವಿಷಯದ ಸಾರವೆಲ್ಲವೂ ಆ ಒಂದೇ ಮಾತಿನಲ್ಲಿದೆ. ಮಾಸ್ತರರು ಬಿಡಿ ಸೆಲ್ಲುಗಳನ್ನೂ ಪವರ್ ಬ್ಯಾಂಕನ್ನೂ ತೆಗೆದು ಕೈಚೀಲಕ್ಕೆ ಹಾಕಿಕೊಂಡರು. ಆ ತರುಣನು ಸೆಲ್ಲುಗಳ ತುದಿಗಳಿಗೆ ಅಂಟುಪಟ್ಟಿಯನ್ನು ತಾನೇ ಹಚ್ಚಿಕೊಟ್ಟನು.

ನಿಯಮದ ಹಿಂದಿರುವ ಕಾರಣ

ಇಟಲಿಯ ಅಲೆಸಾಂಡ್ರೊ ವೋಲ್ಟಾ 1800ರಲ್ಲಿ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ವಿದ್ಯುತ್ ಪ್ರವಾಹವನ್ನು ಉತ್ಪಾದಿಸಿ ತೋರಿಸಿದನು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ಸತು, ಇಂಗಾಲ ಮತ್ತು ಮ್ಯಾಂಗನೀಸ್ ಡೈಆಕ್ಸೈಡುಗಳ ಕೋಶವನ್ನು ನಿರ್ಮಿಸಿದನು. ನಮ್ಮ ಮನೆಗಳ ಟಾರ್ಚು, ರೇಡಿಯೋ, ಗೋಡೆ ಗಡಿಯಾರಗಳ ಸೆಲ್ಲುಗಳು ಆ ವಂಶಕ್ಕೇ ಸೇರಿದವು. ಅವುಗಳ ಒತ್ತಡ ಒಂದೂವರೆ ವೋಲ್ಟು ಮಾತ್ರ. ಹಳೆಯದಾದರೆ ಸೋರಿ ಟಾರ್ಚಿನ ಒಳಭಾಗವನ್ನು ಕೆಡಿಸುತ್ತವೆ. ದೊಡ್ಡ ಅಪಾಯವನ್ನು ಉಂಟುಮಾಡುವುದು ಅಪರೂಪ.

1991ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಲಿಥಿಯಂ-ಅಯಾನ್ ಸೆಲ್ಲನ್ನು ಮಾರುಕಟ್ಟೆಗೆ ತಂದಿತು. ಅದರ ಮೂಲಸಂಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಬೆರಳುದ್ದದ ಈ ಸೆಲ್ಲಿನಲ್ಲಿ ಅಡಗಿರುವ ಶಕ್ತಿ ಬಹಳ. ಮೊಬೈಲು, ಪವರ್ ಬ್ಯಾಂಕು, ಇಂದಿನ ಪ್ರಖರವಾದ ಟಾರ್ಚು, ಎಲ್ಲದರಲ್ಲಿಯೂ ಇರುವುದು ಇದೇ. ಶಕ್ತಿ ಹೆಚ್ಚಾದಂತೆ ಅದನ್ನು ಇಟ್ಟುಕೊಳ್ಳುವ ಎಚ್ಚರವೂ ಹೆಚ್ಚಬೇಕಷ್ಟೆ. ಪೆಟ್ಟು ಬಿದ್ದರೆ, ಒಳಗಿನ ಪದರ ಹರಿದರೆ, ಎರಡು ತುದಿಗಳು ಬೀಗದ ಕೈ ಅಥವಾ ನಾಣ್ಯದ ಮೂಲಕ ಕೂಡಿಕೊಂಡರೆ ಸೆಲ್ಲು ಕಾಯುತ್ತದೆ. ಕಾದಂತೆ ಒಳಗಿನ ರಾಸಾಯನಿಕ ಕ್ರಿಯೆ ಮತ್ತಷ್ಟು ವೇಗವಾಗುತ್ತದೆ. ವೇಗವಾದಂತೆ ಇನ್ನೂ ಕಾಯುತ್ತದೆ. ಕೊನೆಗೆ ಹೊಗೆ, ಬೆಂಕಿ. ಒಂದು ಸೆಲ್ಲಿನ ಉರಿಯು ಪಕ್ಕದ ಸೆಲ್ಲಿಗೆ ಹಬ್ಬುತ್ತದೆ.

ವಿಮಾನದ ಸಾಮಾನು ಕೋಣೆಯಲ್ಲಿ ಬೆಂಕಿ ನಂದಿಸಲು ಹ್ಯಾಲಾನ್ ಎಂಬ ಅನಿಲವನ್ನು ಬಿಡುವ ವ್ಯವಸ್ಥೆ ಇದೆ. ಅದು ಜ್ವಾಲೆಯನ್ನು ಅಡಗಿಸಬಲ್ಲದು. ಸೆಲ್ಲಿನ ಒಳಗಿನ ಕಾವನ್ನು ಆರಿಸಲಾರದು. ಮೇಲೆ ಪ್ರಯಾಣಿಕರ ನಡುವೆಯಾದರೆ ಹೊಗೆಯು ಕೂಡಲೇ ಕಣ್ಣಿಗೆ ಬೀಳುತ್ತದೆ. ಸಿಬ್ಬಂದಿಯವರು ಬೆಂಕಿಯನ್ನು ನಂದಿಸಿ, ನೀರು ಸುರಿದು ಸೆಲ್ಲನ್ನು ತಣಿಸುತ್ತಾರೆ. ಅದಕ್ಕಾಗಿ ಅವರಿಗೆ ತರಬೇತಿ ಇರುತ್ತದೆ. ‘ಅಪಾಯವು ಹತ್ತಿರವಿರಲಿ’ ಎಂಬ ನಿಯಮದ ಅರ್ಥ ಇದು.

ಈ ನಿಯಮವು ಬರಿಯ ಊಹೆಯಿಂದ ಹುಟ್ಟಿದುದಲ್ಲ. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಹತ್ತಿ ಇಬ್ಬರು ಚಾಲಕರೂ ಮೃತಪಟ್ಟರು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಪ್ರಯಾಣಿಕರ ವಿಮಾನಗಳಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಬಿಡಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್ 1ರಿಂದ ನಿಷೇಧಿಸಿತು. 2025ರ ಜನವರಿ 28ರಂದು ದಕ್ಷಿಣ ಕೊರಿಯದ ಬುಸಾನ್ ನಿಲ್ದಾಣದಲ್ಲಿ, ಹಾರಲು ಸಿದ್ಧವಾಗಿದ್ದ ವಿಮಾನದ ಒಳಗೆ, ತಲೆಯ ಮೇಲಣ ಸಾಮಾನಿನ ಗೂಡಿನಲ್ಲಿ ಬೆಂಕಿ ಕಾಣಿಸಿಕೊಂಡಿತು. 176 ಮಂದಿಯೂ ಜೀವಸಹಿತ ಹೊರಬಂದರು, ವಿಮಾನ ಸುಟ್ಟುಹೋಯಿತು. ಪವರ್ ಬ್ಯಾಂಕಿನ ಮೇಲೆ ಸಂಶಯ ಬಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದೆಹಲಿಯಿಂದ ದಿಮಾಪುರಕ್ಕೆ ಹೊರಟಿದ್ದ ವಿಮಾನದಲ್ಲಿಯೂ ನೆಲ ಬಿಡುವುದಕ್ಕೆ ಮೊದಲೇ ಪ್ರಯಾಣಿಕರೊಬ್ಬರ ಪವರ್ ಬ್ಯಾಂಕಿಗೆ ಬೆಂಕಿ ಹತ್ತಿತು. ಸಿಬ್ಬಂದಿಯವರು ಅದನ್ನು ಕೂಡಲೇ ನಂದಿಸಿದರು. ಅದೇ ವಸ್ತು ಕೆಳಗಿನ ಕೋಣೆಯಲ್ಲಿ, ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಹೊತ್ತಿಕೊಂಡಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಯೋಚಿಸಬಹುದು.

ಏನನ್ನು ಎಲ್ಲಿ ಇಡಬೇಕು?

ಬಿಡಿ ಲಿಥಿಯಂ ಸೆಲ್ಲುಗಳು ಮತ್ತು ಪವರ್ ಬ್ಯಾಂಕುಗಳು ಕೈಚೀಲದಲ್ಲಿಯೇ ಇರಬೇಕು. ಒಪ್ಪಿಸುವ ಪೆಟ್ಟಿಗೆಯಲ್ಲಿ ಎಂದಿಗೂ ಕೂಡದು. ಅವುಗಳ ಶಕ್ತಿಯನ್ನು ‘ವ್ಯಾಟ್-ಅವರ್’ ಎಂಬ ಮಾನದಿಂದ ಅಳೆಯುತ್ತಾರೆ. 100 ವ್ಯಾಟ್-ಅವರ್ ವರೆಗಿನ ಬ್ಯಾಟರಿಗೆ ಪ್ರತ್ಯೇಕ ಅನುಮತಿ ಬೇಕಿಲ್ಲ. 100ರಿಂದ 160ರ ವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು; ಬಿಡಿಯಾಗಿ ಎರಡನ್ನು ಮೀರಬಾರದು. 160ನ್ನು ದಾಟಿದುದು ಪ್ರಯಾಣಿಕರ ಸಾಮಾನಿನಲ್ಲಿ ನಿಷಿದ್ಧ.

ಲೆಕ್ಕವು ಕಠಿಣವಲ್ಲ. ಪವರ್ ಬ್ಯಾಂಕಿನ ಮೇಲೆ ‘ಮಿಲಿ ಆಂಪಿಯರ್-ಅವರ್’ ಎಂಬ ಸಂಖ್ಯೆ ಇರುತ್ತದೆ. ಅದನ್ನು ಸಾವಿರದಿಂದ ಭಾಗಿಸಿ, ಸೆಲ್ಲಿನ ಒತ್ತಡವಾದ 3.7 ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 10,000 ಎಂದು ಬರೆದಿದ್ದರೆ 37. 20,000 ಎಂದಿದ್ದರೆ 74. ಇವೆರಡೂ ಮಿತಿಯೊಳಗಿವೆ. ಟಾರ್ಚಿನ ಬೆರಳುದ್ದದ ಲಿಥಿಯಂ ಸೆಲ್ಲು ಸಾಮಾನ್ಯವಾಗಿ ಹತ್ತು ಹದಿಮೂರು ವ್ಯಾಟ್-ಅವರ್‌ಗಳ ಆಸುಪಾಸಿನದು. ಆದರೆ ಸಂಖ್ಯೆಯೇ ಅಳಿಸಿಹೋದ, ಹೆಸರಿಲ್ಲದ ಅಗ್ಗದ ಪವರ್ ಬ್ಯಾಂಕನ್ನು ತಪಾಸಣೆಯವರು ತಡೆಯುತ್ತಾರೆ, ತಡೆಯುವುದೇ ಸರಿ.

ಸಾಮಾನ್ಯ ಒಣ ಸೆಲ್ಲುಗಳಿಗೆ ಇಷ್ಟು ಬಿಗಿಯಿಲ್ಲ. ಅಂತಾರಾಷ್ಟ್ರೀಯ ನಿಯಮದಂತೆ ಅವು ಎರಡೂ ಕಡೆ ಇರಬಹುದು. ತುದಿಗಳು ಒಂದಕ್ಕೊಂದು ತಾಗದಂತೆ ಇರಬೇಕು, ಅಷ್ಟೆ. ಆದರೂ ಜಮ್ಮು, ಶ್ರೀನಗರ, ಲೇಹ್ ಕಡೆಯ ನಿಲ್ದಾಣಗಳಲ್ಲಿ ತಪಾಸಣೆಯು ಬಹಳ ಕಟ್ಟುನಿಟ್ಟು. ಅಮರನಾಥಕ್ಕೆ ಹೋಗುವವರು ವಿಮಾನ ಸಂಸ್ಥೆಯನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಎಲ್ಲಿಯೇ ಆಗಲಿ, ಭದ್ರತಾ ಸಿಬ್ಬಂದಿಯ ಮಾತೇ ಕೊನೆಯ ಮಾತು. ಅಲ್ಲಿ ವಾದಕ್ಕೆ ಎಡೆಯಿಲ್ಲ.

ಟಾರ್ಚು ಕೈಚೀಲದಲ್ಲಿರುವುದೇ ಲೇಸು. ಪೆಟ್ಟಿಗೆಯಲ್ಲಿ ಇಡಲೇಬೇಕಾದರೆ ಗುಂಡಿಯು ತಾನಾಗಿ ಅದುಮಿ ಹೊತ್ತಿಕೊಳ್ಳದಂತೆ ಮಾಡಬೇಕು. ಉಣ್ಣೆಯ ಬಟ್ಟೆಗಳ ನಡುವೆ ಪ್ರಖರವಾದ ಟಾರ್ಚು ಗಂಟೆಗಟ್ಟಲೆ ಉರಿದರೆ ಅದರ ಕಾವೇ ಅಪಾಯಕ್ಕೆ ಕಾರಣವಾದೀತು. ಹಳೆಯ ಮಾದರಿಯ ಟಾರ್ಚಿನಲ್ಲಿ ಸೆಲ್ಲು ಮತ್ತು ಮುಚ್ಚಳದ ನಡುವೆ ದಪ್ಪ ಕಾಗದದ ತುಂಡೊಂದನ್ನು ಇಟ್ಟರೆ ಸಾಕು. ಮೊಳದುದ್ದದ ಭಾರವಾದ ಲೋಹದ ಟಾರ್ಚನ್ನು ಕೈಚೀಲದಲ್ಲಿ ಇಟ್ಟರೆ ಅದನ್ನು ದೊಣ್ಣೆಯೆಂದು ಬಗೆದು ತಡೆಯುವುದೂ ಉಂಟು. ಅಂಗೈಯಗಲದ ಟಾರ್ಚು ಅಥವಾ ಹಣೆಗೆ ಕಟ್ಟಿಕೊಳ್ಳುವ ದೀಪ ಯಾತ್ರಿಕರಿಗೆ ಅನುಕೂಲ. ಹಣೆಯ ದೀಪದಿಂದ ಎರಡು ಕೈಗಳೂ ಊರುಗೋಲಿಗೆ ಬಿಡುವಾಗುತ್ತವೆ.

ಸಣ್ಣ ವಿಮಾನಗಳಲ್ಲಿ ಸ್ಥಳವಿಲ್ಲವೆಂದು ಕೈಚೀಲವನ್ನೂ ಬಾಗಿಲ ಬಳಿ ಪಡೆದು ಕೆಳಗಿನ ಕೋಣೆಗೆ ಹಾಕುವುದುಂಟು. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಆಗ ಸೆಲ್ಲು, ಪವರ್ ಬ್ಯಾಂಕುಗಳನ್ನು ತೆಗೆದು ಮೈಮೇಲೆ ಇಟ್ಟುಕೊಳ್ಳಬೇಕು. ಆದುದರಿಂದ ಅವುಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಚೀಲದ ಮೇಲ್ಭಾಗದಲ್ಲಿಯೇ ಇಡಬೇಕು.

ಇದರೊಡನೆ ಭಕ್ತರ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಮಾತು. ಪೂಜಾಸಾಮಗ್ರಿಯೊಡನೆ ಕರ್ಪೂರವನ್ನೂ ಬೆಂಕಿಪೊಟ್ಟಣವನ್ನೂ ಕಟ್ಟಿಕೊಳ್ಳುವ ರೂಢಿ ನಮ್ಮಲ್ಲಿ ಇದೆ. ಕರ್ಪೂರವು ಬೇಗ ಹೊತ್ತಿಕೊಳ್ಳುವ ಘನವಸ್ತುಗಳ ಪಟ್ಟಿಗೆ ಸೇರಿದೆ. ನಮ್ಮ ದೇಶದ ವಿಮಾನಗಳಲ್ಲಿ ಬೆಂಕಿಪೊಟ್ಟಣಕ್ಕೂ ಲೈಟರಿಗೂ ಎಡೆಯಿಲ್ಲ. ಇವು ಎರಡೂ ಚೀಲಗಳಲ್ಲಿ ಸಲ್ಲವು. ಯಾತ್ರಾಸ್ಥಳದ ಅಂಗಡಿಗಳಲ್ಲಿ ಅವು ಧಾರಾಳವಾಗಿ ಸಿಗುತ್ತವೆ. ವಿಮಾನದಲ್ಲಿ ನಮ್ಮೊಡನೆ ಬರಬಹುದಾದ ದೀಪವೆಂದರೆ ಟಾರ್ಚು ಒಂದೇ.

ಮಂದಾಕಿನಿಯ ದಡದ ಕತ್ತಲೆ

ಋಷಿಕೇಶದಿಂದ ದೇವಪ್ರಯಾಗ, ಶ್ರೀನಗರ, ರುದ್ರಪ್ರಯಾಗ, ಅಗಸ್ತ್ಯಮುನಿ, ಗುಪ್ತಕಾಶಿಗಳ ಮೂಲಕ ಸೋನಪ್ರಯಾಗಕ್ಕೆ ರಸ್ತೆ. ದೇವಪ್ರಯಾಗದಲ್ಲಿ ಅಲಕನಂದೆ ಭಾಗೀರಥಿಗಳು ಕೂಡಿ ಗಂಗೆಯಾಗುತ್ತವೆ; ರುದ್ರಪ್ರಯಾಗದಲ್ಲಿ ಕೇದಾರದಿಂದ ಇಳಿದು ಬಂದ ಮಂದಾಕಿನಿಯು ಅಲಕನಂದೆಯನ್ನು ಸೇರುತ್ತದೆ. ಸೋನಪ್ರಯಾಗದಿಂದ ಗೌರಿಕುಂಡಕ್ಕೆ ಸ್ಥಳೀಯ ಜೀಪುಗಳು. ಅಲ್ಲಿಂದ ಮುಂದೆ ನಡಿಗೆ, ಇಲ್ಲವೆ ಕುದುರೆ, ಡೋಲಿ.

ಮೊದಲು ಈ ಕಾಲುದಾರಿಯು 14 ಕಿಲೋಮೀಟರುಗಳಾಗಿತ್ತು. 2013ರ ಜೂನ್ 16 ಮತ್ತು 17ರ ಪ್ರಳಯದಲ್ಲಿ ಚೋರಾಬಾರಿ ಸರೋವರದ ಕಟ್ಟೆ ಒಡೆದು, ರಾಮಬಾಡಾ ಎಂಬ ತಂಗುದಾಣವೇ ಕೊಚ್ಚಿಹೋಯಿತು. ಅನಂತರ ನದಿಯ ಇನ್ನೊಂದು ದಡದಲ್ಲಿ ಹೊಸ ದಾರಿ ನಿರ್ಮಾಣವಾಗಿ, ಒಟ್ಟು ದೂರ ಸುಮಾರು 16 ಕಿಲೋಮೀಟರ್ ಆಯಿತು. 2024ರ ಜುಲೈ 31ರ ರಾತ್ರಿಯ ಮೇಘಸ್ಫೋಟದಿಂದ ಈ ದಾರಿಯೂ ಅಲ್ಲಲ್ಲಿ ಕುಸಿದು ಸಾವಿರಾರು ಯಾತ್ರಿಕರು ನಡುವೆ ಸಿಕ್ಕಿಕೊಂಡಿದ್ದರು. ನಾವು ಹೋದಾಗ ದುರಸ್ತಿಯಾಗಿದ್ದರೂ ಕುಸಿದ ಗುಡ್ಡದ ಹಸಿ ಗಾಯಗಳು ಕಾಣುತ್ತಿದ್ದವು.

ಬೆಳಿಗ್ಗೆ ಒಂಬತ್ತಕ್ಕೆ ಗೌರಿಕುಂಡವನ್ನು ಬಿಟ್ಟ ನಮ್ಮ ತಂಡವು ಹಿರಿಯರ ನಡಿಗೆಗೆ ಹೊಂದಿಕೊಂಡು ನಿಂತು ನಿಂತು ಸಾಗಿತು. ಜಂಗಲ್‌ಚಟ್ಟಿ, ಭೀಮಬಲಿಗಳನ್ನು ಹಿಂದೆ ಹಾಕಿ ಲಿಂಚೋಲಿಯನ್ನು ದಾಟುವಷ್ಟರಲ್ಲಿ ಸೂರ್ಯನು ಮುಳುಗಿದನು. ಹಿಮಾಲಯದಲ್ಲಿ ಸಂಜೆಯು ನಮ್ಮ ಬಯಲುಸೀಮೆಯಂತೆ ನಿಧಾನವಾಗಿ ಬರುವುದಿಲ್ಲ. ಬೆಟ್ಟದ ನೆರಳು ಬಿದ್ದೊಡನೆ ಕತ್ತಲೆ. ಅಂದು ಕೃಷ್ಣಪಕ್ಷ, ಮೇಲೆ ಮೋಡ, ಸಣ್ಣ ಮಳೆ. ದಾರಿಯ ಬದಿಯ ವಿದ್ಯುದ್ದೀಪಗಳು ಒಂದು ತಿರುವಿನ ಆಚೆಗೆ ಆರಿಹೋಗಿದ್ದವು. ಎಡಗಡೆ ಬಂಡೆ, ಬಲಗಡೆ ಕೆಳಗೆ ಎಲ್ಲಿಯೋ ಮಂದಾಕಿನಿಯ ಸದ್ದು. ಕಲ್ಲುಹಾಸಿನ ಮೇಲೆ ಕುದುರೆಗಳ ಲದ್ದಿ ಮಳೆಗೆ ನೆನೆದು ಜಾರುತ್ತಿತ್ತು.

ಎಲ್ಲರೂ ಮೊಬೈಲು ತೆಗೆದರು. ಚಳಿಗೆ ಬ್ಯಾಟರಿಯ ಒಳಗಿನ ಕ್ರಿಯೆ ಮಂದವಾಗುತ್ತದೆ. ಅರ್ಧ ಉಳಿದಂತೆ ತೋರಿಸುತ್ತಿದ್ದ ಮೊಬೈಲುಗಳು ಹತ್ತು ನಿಮಿಷದಲ್ಲಿ ಒಂದೊಂದಾಗಿ ಕಣ್ಣು ಮುಚ್ಚಿದವು. ಎಪ್ಪತ್ತಮೂರು ವರ್ಷದ ತಾಯಿಯೊಬ್ಬರು ಹೆದರಿ ಕುಳಿತುಬಿಟ್ಟರು. “ನನ್ನ ಇಲ್ಲೇ ಬಿಟ್ಟು ನೀವು ಹೋಗ್ರಿ, ಯಪ್ಪಾ” ಎಂದು ಅವರು ಮಗನಿಗೆ ಹೇಳಿದ ಮಾತು ಕೇಳಿ ನಮ್ಮೆಲ್ಲರ ಎದೆ ಭಾರವಾಯಿತು. ಮುಂದೆ ಹೋಗಲು ಬೆಳಕಿಲ್ಲ, ನಿಲ್ಲಲು ಚಳಿ ಬಿಡದು.

ಆಗ ಮಾಸ್ತರರು ಅಂಗಿಯ ಒಳಜೇಬಿನಿಂದ ಆ ನಾಲ್ಕು ಸೆಲ್ಲುಗಳನ್ನು ತೆಗೆದರು. ಚಳಿಯಲ್ಲಿ ಸೆಲ್ಲು ಬೆಚ್ಚಗಿರಬೇಕೆಂದು ಬೆಳಗಿನಿಂದ ಮೈಗೆ ಆನಿಸಿಯೇ ಇಟ್ಟುಕೊಂಡಿದ್ದರು. ಒಂದು ಟಾರ್ಚು ಸಾಲಿನ ಮುಂದೆ, ಇನ್ನೊಂದು ಕೊನೆಯಲ್ಲಿ, ಹಿಂದಿನವರ ಕಂದೀಲಿನ ಕ್ರಮದಂತೆಯೇ. ಬೆಳಕನ್ನು ದೂರಕ್ಕೆ ಬಿಡದೆ ತಾಯಿಯವರ ಪಾದದ ಮುಂದಿನ ಒಂದು ಮೊಳಕ್ಕೆ ಮಾತ್ರ ಹಿಡಿದರು. “ಅವ್ವಾರ, ಬೆಟ್ಟ ನೋಡಬ್ಯಾಡ್ರಿ, ಬೆಳಕು ಇದ್ದಷ್ಟು ನೆಲ ನೋಡ್ರಿ, ಸಾಕು” ಎಂದರು. ತಾಯಿಯವರು ಎದ್ದರು. ಬೆನ್ನ ಬುಟ್ಟಿಯಲ್ಲಿ ಮಗುವೊಂದನ್ನು ಹೊತ್ತು ಬರುತ್ತಿದ್ದ ಅಪರಿಚಿತ ಕೂಲಿಯವನೂ ಅವನ ಹಿಂದೆ ಮತ್ತೆ ಐದಾರು ಮಂದಿಯೂ ನಮ್ಮ ಬೆಳಕಿನ ಸಾಲಿಗೆ ಸೇರಿದರು. ಎರಡು ಗಂಟೆಯ ಅನಂತರ ಕೇದಾರದ ದೀಪಗಳು ಕಂಡವು. ಒಬ್ಬರಿಗೂ ಪೆಟ್ಟಾಗಿರಲಿಲ್ಲ.

ಬಿಡಿ ಸೆಲ್ಲುಗಳನ್ನು ಕೈಯಲ್ಲಿಯೇ ಇಟ್ಟುಕೊಳ್ಳಬೇಕೆಂದು ವಿಮಾನ ನಿಲ್ದಾಣದಲ್ಲಿ ಕೇಳಿದ ಮಾತು ವಿಮಾನಕ್ಕೆ ಮಾತ್ರವಲ್ಲ, ಬೆಟ್ಟಕ್ಕೂ ಸಲ್ಲುತ್ತದೆಂದು ಆ ರಾತ್ರಿ ನಮಗೆ ತೋರಿತು. ನಮ್ಮ ದೊಡ್ಡ ಪೆಟ್ಟಿಗೆಗಳೆಲ್ಲವೂ ಆಗ ಗುಪ್ತಕಾಶಿಯ ವಸತಿಗೃಹದಲ್ಲಿದ್ದವು.

ಕೇದಾರದ ದೀಪ

ಕೇದಾರವು ಸಮುದ್ರಮಟ್ಟದಿಂದ 3,583 ಮೀಟರ್ ಎತ್ತರದಲ್ಲಿದೆ. ದೇವಾಲಯದ ಹಿಂದೆ, 2013ರ ಪ್ರವಾಹದಲ್ಲಿ ಉರುಳಿ ಬಂದು ನಿಂತು ನೀರನ್ನು ಇಬ್ಬದಿಗೆ ಸೀಳಿದ ಬಂಡೆಯನ್ನು ಭೀಮಶಿಲೆಯೆಂದು ಕರೆಯುತ್ತಾರೆ. ಈ ಕ್ಷೇತ್ರಕ್ಕೂ ಕನ್ನಡನಾಡಿಗೂ ಇರುವ ನಂಟು ವಾಚಕರಿಗೆ ತಿಳಿದುದೇ ಆಗಿದೆ. ಇಲ್ಲಿಯ ರಾವಲರು ಕರ್ನಾಟಕದ ವೀರಶೈವ ಜಂಗಮ ಪರಂಪರೆಯವರು. ಪೂಜೆಯನ್ನು ಅವರ ಅಪ್ಪಣೆಯಂತೆ ಅರ್ಚಕರು ನಡೆಸುತ್ತಾರೆ. ನಮ್ಮ ಮಾತು ಕಿವಿಗೆ ಬಿದ್ದೊಡನೆ ಅರ್ಚಕರೊಬ್ಬರು “ಯಾವ ಊರಿನವರು?” ಎಂದು ಕನ್ನಡದಲ್ಲಿಯೇ ಕೇಳಿದಾಗ ಹಿಂದಿನ ರಾತ್ರಿಯ ದಣಿವು ಹಾರಿಹೋಯಿತು.

ದೀಪಾವಳಿ ಕಳೆದು ಯಮದ್ವಿತೀಯೆಯ ದಿನ ಇಲ್ಲಿಯ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿಯು ಊಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಇಳಿದು ಬಂದು, ಚಳಿಗಾಲದ ಪೂಜೆ ಅಲ್ಲಿ ನಡೆಯುತ್ತದೆ. ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪವು ಆರು ತಿಂಗಳು ಹಿಮದ ನಡುವೆ ಆರದೆ ಉರಿಯುತ್ತದೆಂಬುದು ಭಕ್ತರ ನಂಬಿಕೆ. ಮನುಷ್ಯರು ಯಾರೂ ಇಲ್ಲದ ಕಡೆಯಲ್ಲಿಯೂ ಬೆಳಕೊಂದು ಇರಲಿ ಎಂಬ ಹಂಬಲ ಆ ನಂಬಿಕೆಯೊಳಗಿದೆ. ದೇವರ ದೀಪವನ್ನು ದೇವರೇ ಕಾಯಬಹುದು. ದಾರಿಯ ದೀಪವನ್ನು ಮಾತ್ರ ನಾವೇ ಕಾಯಬೇಕು.

ಯಾತ್ರಿಕರಿಗೆ ಕೆಲವು ಸೂಚನೆಗಳು

ಹೊರಡುವ ಮುನ್ನ ಮನೆಯಲ್ಲಿಯೇ ಟಾರ್ಚು ಹೊತ್ತಿಸಿ ನೋಡಬೇಕು. ಹಳೆಯ ಸೆಲ್ಲು ಹೊಸ ಸೆಲ್ಲುಗಳನ್ನು ಬೆರೆಸಬಾರದು. ಉಬ್ಬಿದ, ನೆನೆದ, ಕೆಳಗೆ ಬಿದ್ದು ನಜ್ಜಾದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಕ್ಕೆ ಒಯ್ಯಲೇಬಾರದು. ಬಿಡಿ ಸೆಲ್ಲುಗಳ ತುದಿಗೆ ಅಂಟುಪಟ್ಟಿ ಹಚ್ಚಬೇಕು, ಇಲ್ಲವೆ ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಕು. ಎರಡು ತುದಿಗಳೂ ಒಂದೇ ಕಡೆಯಲ್ಲಿರುವ ಚೌಕಾಕಾರದ ಒಂಬತ್ತು ವೋಲ್ಟಿನ ಬ್ಯಾಟರಿಗೆ ಈ ಎಚ್ಚರ ವಿಶೇಷವಾಗಿ ಬೇಕು. ವಿಮಾನದೊಳಗೆ ಪವರ್ ಬ್ಯಾಂಕನ್ನು ಬಳಸಬಾರದೆಂದು ಹಲವು ವಿಮಾನ ಸಂಸ್ಥೆಗಳು 2025ರಿಂದ ವಿಧಿಸಿವೆ. ಅದನ್ನು ತಲೆಯ ಮೇಲಿನ ಗೂಡಿನಲ್ಲಿ ತುರುಕದೆ, ಕಣ್ಣಿಗೆ ಕಾಣುವಂತೆ ಹತ್ತಿರ ಇಟ್ಟುಕೊಳ್ಳುವುದು ಒಳಿತು. ಸೆಲ್ಲು ಬಿಸಿಯಾದರೆ, ವಾಸನೆ ಬಂದರೆ ಸಂಕೋಚಪಡದೆ ಕೂಡಲೇ ಸಿಬ್ಬಂದಿಗೆ ತಿಳಿಸಬೇಕು. ನಿಯಮಗಳು ಆಗಾಗ ಬದಲಾಗುತ್ತಿರುವುದರಿಂದ ಟಿಕೆಟ್ಟು ಕೊಂಡಾಗಲೇ ವಿಚಾರಿಸಿಕೊಳ್ಳಬೇಕು. ಬೆಟ್ಟ ತಲುಪಿದ ಮೇಲೆ ಸೆಲ್ಲು ಮೈಯ ಬಿಸುಪಿನಲ್ಲಿರಲಿ. ಹಿಮಗಟ್ಟುವ ಚಳಿಯಲ್ಲಿ ಲಿಥಿಯಂ ಬ್ಯಾಟರಿಗೆ ವಿದ್ಯುತ್ತು ತುಂಬುವುದು ಬೇಡ. ಮೊಬೈಲಿನ ಬೆಳಕನ್ನೇ ನಂಬಿ ಹೊರಡದೆ, ಪ್ರತಿ ಮನೆಯವರು ಒಂದಾದರೂ ಬೇರೆ ಟಾರ್ಚು ಒಯ್ಯಲಿ.

ಯಾತ್ರೆಗೆ ಹೊರಡುವ ಮಕ್ಕಳು ತಂದೆತಾಯಿಗಳ ಚೀಲವನ್ನು ತಾವೇ ಕುಳಿತು ಒಮ್ಮೆ ಜೋಡಿಸಿಕೊಡಲಿ. ಯಾವುದು ಕೈಯಲ್ಲಿ, ಯಾವುದು ಪೆಟ್ಟಿಗೆಯಲ್ಲಿ ಎಂದು ತಿಳಿಸಿ ಹೇಳಲಿ. ವೃದ್ಧರು ಅಪರಿಚಿತ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿ ಹುಡುಕುವ ಕಷ್ಟ ಅದರಿಂದ ತಪ್ಪುತ್ತದೆ. ಆಕಾಶದಲ್ಲಿ ನೂರಾರು ಜೀವಗಳ ಕ್ಷೇಮಕ್ಕೂ ಅದರಿಂದ ಸಹಾಯವಾಗುತ್ತದೆ. ತನ್ನ ಹೆಜ್ಜೆಗೆ ಬೆಳಕು ಹಿಡಿದವನು ಹಿಂದೆ ಬರುವವನಿಗೂ ಹಿಡಿದಂತೆಯೇ ಸರಿ. ಎಲ್ಲ ಯಾತ್ರಿಕರ ದಾರಿಯೂ ಬೆಳಕಾಗಿರಲಿ, ಹೋದವರೆಲ್ಲರೂ ಸುಖವಾಗಿ ಮನೆಗೆ ಮರಳಲಿ ಎಂದು ಹಾರೈಸುತ್ತೇವೆ.